ಕೂಗಳತೆ ಎಷ್ಟೆಂದು ಹೇಳದ ಪ್ರೋಟೀನ್ ಚಿತ್ರಗಳು

ಸಂಪಾದಕರಿಗೆ,

ಮಾನ್ಯರೇ,

ಉಣುಗು ಏಳುವ ಕಾಲ ಬಂತೆಂದರೆ ಮಂಗನ ಕಾಯಿಲೆಯ ಸುದ್ದಿಯ ಬೆನ್ನಿಗೆ ಇನ್ನೊಂದು ಬಗೆಯ ಸುದ್ದಿಯೂ ನಮ್ಮ ಕಡೆ ಓಡಾಡುತ್ತದೆ. ವೈರಸ್ಸಿನ ಪ್ರೋಟೀನಿನಲ್ಲಿ ‘ದುರ್ಬಲ ಜಾಗ’ ಕಂಪ್ಯೂಟರಿನಲ್ಲಿ ಸಿಕ್ಕಿತಂತೆ, ಅಮೃತಬಳ್ಳಿಯ ಅಣು ಅಲ್ಲಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದಂತೆ, ಮದ್ದು ಇನ್ನೇನು ಬಂದೇಬಿಟ್ಟಿತಂತೆ. ಜೊತೆಗೆ ಬಣ್ಣಬಣ್ಣದ ರಿಬ್ಬನ್ ಚಿತ್ರ. ಕಾಲೇಜು ಮಕ್ಕಳ ಉತ್ಸಾಹಕ್ಕೆ ತಣ್ಣೀರೆರಚುವ ಉದ್ದೇಶ ನಮಗಿಲ್ಲ. ಆದರೆ ಆ ಚಿತ್ರದ ಹಿಂದಿನ ಲೆಕ್ಕ, ಅಂದರೆ ಯಾವ ಅಮೈನೋ ಆಮ್ಲ ಯಾವುದಕ್ಕೆ ತಾಗಿದೆ ಎಂಬುದನ್ನು ಹೇಗೆ ನಿರ್ಧರಿಸಿದರು ಎನ್ನುವುದು, ವರದಿಯಲ್ಲೂ ಇರುವುದಿಲ್ಲ, ಪ್ರಾಜೆಕ್ಟ್ ಪುಸ್ತಕದಲ್ಲೂ ಇರುವುದಿಲ್ಲ.

ಆಗುಂಬೆ ಘಾಟಿಯಲ್ಲಿ ಒಂದು ತಿರುವಿನಲ್ಲಿ ನಿಂತವರಿಗೆ ಎರಡು ತಿರುವು ಕೆಳಗಿರುವ ಲಾರಿ ರಸ್ತೆಯ ಲೆಕ್ಕದಲ್ಲಿ ದೂರ, ಕೂಗಳತೆಯಲ್ಲಿ ಹತ್ತಿರ. ಪ್ರೋಟೀನೂ ಹಾಗೆಯೇ. ಸರಪಳಿಯಲ್ಲಿ 30ನೆಯ ಅಮೈನೋ ಆಮ್ಲವೂ 280ನೆಯದೂ ಬಹಳ ದೂರದವು. ಸರಪಳಿ ಮಡಚಿಕೊಂಡಾಗ ಒಂದರ ಪಕ್ಕ ಒಂದು ಬಂದು ಕೂರಬಹುದು. ಹೀಗೆ ಕೂತ ಜೋಡಿಗಳ ಪಟ್ಟಿಯೇ ಸಂಪರ್ಕ ವಿಶ್ಲೇಷಣೆ. ಕೂಗಳತೆ ಅಂದರೆ ಎಷ್ಟು ಮಾರು ಎಂದು ಮೊದಲೇ ಗೊತ್ತು ಮಾಡಿಕೊಳ್ಳದಿದ್ದರೆ ಪಟ್ಟಿ ಒಬ್ಬೊಬ್ಬರಿಗೆ ಒಂದೊಂದು ಬರುತ್ತದೆ.

ಇಲ್ಲಿ ಅಳತೆ ಆಂಗ್‌ಸ್ಟ್ರಾಮ್, ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು. ಸಿ-ಆಲ್ಫಾ, ಅಂದರೆ ಪ್ರತಿ ಅಮೈನೋ ಆಮ್ಲದ ನಡುವಿನ ಇಂಗಾಲದ ಪರಮಾಣುಗಳ ನಡುವೆ 7 ಅಥವಾ 8 ಆಂಗ್‌ಸ್ಟ್ರಾಮ್ ಒಳಗಿದ್ದರೆ ಸಂಪರ್ಕ ಎನ್ನುವುದು ಒಂದು ರೂಢಿ. ಪಾರ್ಶ್ವ ಸರಪಳಿಯ ಮೊದಲ ಇಂಗಾಲ, ಅಂದರೆ ಸಿ-ಬೀಟಾಗಳ ನಡುವೆ 8 ಎನ್ನುವುದು ಇನ್ನೊಂದು. ಗ್ಲೈಸಿನ್‌ಗೆ ಸಿ-ಬೀಟಾ ಇಲ್ಲದ್ದರಿಂದ ಅದಕ್ಕೆ ಸಿ-ಆಲ್ಫಾವನ್ನೇ ಹಿಡಿಯಬೇಕು, ಇಲ್ಲವಾದರೆ ಎಣಿಸುವ ಸ್ಕ್ರಿಪ್ಟ್ (ಪುಟ್ಟ ಕಂಪ್ಯೂಟರ್ ಪ್ರೋಗ್ರಾಂ) ಗ್ಲೈಸಿನ್‌ಗಳನ್ನೆಲ್ಲ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಹೈಡ್ರೋಜನ್ ಬಿಟ್ಟು ಉಳಿದ ಯಾವುದೇ ಎರಡು ಪರಮಾಣು 4.5 ಆಂಗ್‌ಸ್ಟ್ರಾಮ್ ಒಳಗಿರಬೇಕು ಎನ್ನುವುದು ಮೂರನೆಯದು. ಮೂರೂ ಸರಿಯೇ, ಆದರೆ ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಲೈಸಿನ್ ಮತ್ತು ಗ್ಲುಟಾಮಿಕ್ ಆಮ್ಲದ ಪಾರ್ಶ್ವ ಸರಪಳಿಗಳು ಉದ್ದ. ಅವುಗಳ ತುದಿಗಳು ಕೈಕುಲುಕಿ ಉಪ್ಪಿನ ಸೇತುವೆ (ವಿರುದ್ಧ ವಿದ್ಯುದಾವೇಶಗಳ ಸೆಳೆತದ ಬಂಧ) ಕಟ್ಟಿದ್ದರೂ ಸಿ-ಆಲ್ಫಾಗಳ ನಡುವೆ 11–12 ಆಂಗ್‌ಸ್ಟ್ರಾಮ್ ಇರಬಹುದು. ಮೊದಲ ರೂಢಿಯಲ್ಲಿ ಈ ಜೋಡಿ ಪಟ್ಟಿಗೇ ಬರದು. ಮಿತಿಯನ್ನು 8ರಿಂದ 10ಕ್ಕೆ ಎಳೆದರೆ ಹುಡುಕುವ ಗೋಳದ ಗಾತ್ರ 1.95 ಪಟ್ಟಾಗುತ್ತದೆ. ಸಂಪರ್ಕಗಳ ಸಂಖ್ಯೆಯೂ ಹೆಚ್ಚುಕಡಿಮೆ ಅದೇ ಜಾಡಿನಲ್ಲಿ ಉಬ್ಬುತ್ತದೆ, ಪ್ರೋಟೀನ್ ಮಾತ್ರ ಒಂದಿಷ್ಟೂ ಬದಲಾಗಿರುವುದಿಲ್ಲ.

ಜಿ.ಎನ್. ರಾಮಚಂದ್ರನ್ ಮತ್ತು ಅವರ ಸಂಗಡಿಗರು 1963ರಲ್ಲಿ ಪ್ರಕಟಿಸಿದ, ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ತಿರುಗಬಹುದೆಂದು ತೋರಿಸುವ ಪ್ರಸಿದ್ಧ ನಕ್ಷೆಯೂ ಮೂಲದಲ್ಲಿ ಸಂಪರ್ಕದ ಲೆಕ್ಕವೇ. ಎರಡು ಹೈಡ್ರೋಜನ್‌ಗಳಿಗೆ ಸಾಮಾನ್ಯ ಮಿತಿ 2.0, ಕಟ್ಟಕಡೆಯ ಮಿತಿ 1.9, ಎರಡು ಇಂಗಾಲಕ್ಕೆ 3.2 ಮತ್ತು 3.0. ಹೀಗೆ ಪ್ರತಿ ಜೋಡಿಗೂ ಎರಡೆರಡು ಮಿತಿ ಬರೆದಿಟ್ಟುಕೊಂಡೇ ಅವರು ನಕ್ಷೆಗೆ ಕೈಹಾಕಿದ್ದು. ಬಿ.ಎಸ್ಸಿ. ಪಾಠದಲ್ಲಿ ನಕ್ಷೆ ಬಿಡಿಸುವುದನ್ನು ಕಲಿಸುತ್ತೇವೆ, ಮಿತಿ ಬರೆದಿಡುವುದನ್ನು ಕಲಿಸುವುದಿಲ್ಲ.

ಈಗ ಮಂಗನ ಕಾಯಿಲೆಗೇ ಬರೋಣ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ವೈರಸ್ಸಿನ ಹೊರಮೈಯ ‘ಇ’ ಪ್ರೋಟೀನಿನಲ್ಲಿ 496 ಅಮೈನೋ ಆಮ್ಲಗಳಿವೆ. ಅದರ ಹತ್ತಿರದ ನೆಂಟ, ಯುರೋಪಿನ ಉಣುಗಿನಿಂದ ಹರಡುವ ಮಿದುಳುಜ್ವರದ ವೈರಸ್. ಆ ನೆಂಟನ ಇ ಪ್ರೋಟೀನಿನ 1ರಿಂದ 395ರವರೆಗಿನ ಭಾಗದ ರಚನೆ 1995ರಲ್ಲಿ 2.0 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ ಪ್ರಕಟವಾಯಿತು. ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಅದರ ಕಡತ 1ಎಸ್‌ವಿಬಿ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಇದನ್ನು ಅಚ್ಚಾಗಿಟ್ಟುಕೊಂಡು ಮಾದರಿ ಕಟ್ಟುತ್ತಾರೆ, ಇಲ್ಲವೇ ಅಮೈನೋ ಆಮ್ಲಗಳ ಅನುಕ್ರಮದಿಂದ ರಚನೆ ಊಹಿಸುವ ಪ್ರೋಗ್ರಾಂ ಆಲ್ಫಾಫೋಲ್ಡ್‌ಗೆ ಅನುಕ್ರಮ ಕೊಟ್ಟು ಮಾದರಿ ಪಡೆಯುತ್ತಾರೆ. ಎಡವುವುದು ಇಲ್ಲೇ.

ವೈರಸ್ಸಿನ ಮೈಮೇಲೆ ಇ ಪ್ರೋಟೀನ್ ಒಂಟಿಯಾಗಿ ನಿಲ್ಲುವುದಿಲ್ಲ. ಎರಡೆರಡು ಸರಪಳಿ ತಲೆಕೆಳಗಾಗಿ ಜೋಡಿ ಮಲಗುತ್ತವೆ. ಒಂದು ಕಣಕ್ಕೆ 90 ಜೋಡಿ, ಅಂದರೆ 180 ಪ್ರತಿ. ಆದರೆ 1ಎಸ್‌ವಿಬಿ ಕಡತ ತೆರೆದರೆ ಕಾಣುವುದು ಒಂದೇ ಸರಪಳಿ, ಏಕೆಂದರೆ ಇನ್ನೊಂದು ಸರಪಳಿ ಹರಳಿನ ಸಮ್ಮಿತಿಯಿಂದ ತಾನಾಗಿ ಬರುವಂಥದ್ದು. ಕಡತದ ‘ರಿಮಾರ್ಕ್ 350’ ಸಾಲುಗಳಲ್ಲಿರುವ ಗಣಿತವನ್ನು ನಡೆಸಿದರೆ, ಅಥವಾ ಅದೇ ಪುಟದಲ್ಲಿ ಸಿಗುವ ಜೈವಿಕ ಜೋಡಣೆಯ ಕಡತವನ್ನು ಇಳಿಸಿಕೊಂಡರೆ ಮಾತ್ರ ಜೋಡಿ ಕಾಣುತ್ತದೆ. ಹಾಗೆ ಮಾಡದೆ ಸಂಪರ್ಕ ಎಣಿಸಿದರೆ 100ರಿಂದ 108ರ ಸುಮಾರಿನ ಕುಣಿಕೆಗೆ ನೆರೆಹೊರೆಯೇ ಇಲ್ಲದಂತೆ, ಬಯಲಿಗೆ ಚಾಚಿದಂತೆ ತೋರುತ್ತದೆ. ಜೀವಕೋಶದ ಪೊರೆಗೆ ಚುಚ್ಚಿಕೊಳ್ಳುವ ಬೆಸುಗೆ ಕುಣಿಕೆ ಅದೇ. ‘ಬಯಲಿನಲ್ಲಿದೆ, ಸಂಪರ್ಕ ಕಡಿಮೆ, ಮದ್ದಿಗೆ ಒಳ್ಳೆಯ ಗುರಿ’ ಎಂದು ಬರೆದುಬಿಡುತ್ತಾರೆ. ನಿಜದಲ್ಲಿ ಅದು ಜೊತೆಗಾರ ಸರಪಳಿಯ ಮೂರನೆಯ ಡೊಮೈನಿಗೆ (ಬೇರೆಯಾಗಿ ಮಡಚಿಕೊಂಡ ಭಾಗಕ್ಕೆ) ಒತ್ತಿಕೊಂಡು ಮುಚ್ಚಿಹೋಗಿರುತ್ತದೆ, ಕೋಶದ ಒಳಗಿನ ಆಮ್ಲೀಯ ಚೀಲಕ್ಕೆ ಹೋದ ಮೇಲಷ್ಟೇ ಹೊರಬೀಳುತ್ತದೆ. ಒಂದು ಸರಪಳಿ ಬಿಟ್ಟುಹೋದದ್ದಕ್ಕೆ ಒಂದು ‘ದುರ್ಬಲ ಜಾಗ’ ಹುಟ್ಟಿತು!

ಇದಕ್ಕೆ ತದ್ವಿರುದ್ಧದ ತಪ್ಪೂ ಉಂಟು. ಸಮ್ಮಿತಿಯ ಪ್ರತಿಗಳನ್ನೆಲ್ಲ ಎಳೆದು ತಂದು ಎಣಿಸಿದರೆ, ಹರಳಿನೊಳಗೆ ಒತ್ತೊತ್ತಾಗಿ ಜೋಡಿಸಿಟ್ಟಿದ್ದರಿಂದ ತಾಗಿದ ಸಂಪರ್ಕಗಳೂ ಪಟ್ಟಿಗೆ ನುಗ್ಗುತ್ತವೆ. ಅವು ವೈರಸ್ಸಿನಲ್ಲಿ ಇಲ್ಲ.

ಆಲ್ಫಾಫೋಲ್ಡ್ ಮಾದರಿಯಲ್ಲಿ ಇನ್ನೊಂದು ಹೊಂಡ. ಹರಳಿನಿಂದ ಬಂದ ಕಡತದಲ್ಲಿ ಪ್ರತಿ ಪರಮಾಣುವಿನ ಸಾಲಿನ 61ರಿಂದ 66ನೆಯ ಅಂಕಣ ಬಿ-ಫ್ಯಾಕ್ಟರ್. ಹೆಚ್ಚಿದ್ದಷ್ಟೂ ಆ ಪರಮಾಣು ಅಲ್ಲಾಡುತ್ತದೆ, ನಂಬಿಕೆ ಕಡಿಮೆ. ಆಲ್ಫಾಫೋಲ್ಡ್ ಅದೇ ಅಂಕಣದಲ್ಲಿ ತನ್ನ ವಿಶ್ವಾಸದ ಅಂಕ ತುಂಬುತ್ತದೆ. ಅಲ್ಲಿ 90ಕ್ಕಿಂತ ಮೇಲಿದ್ದರೆ ಬಹಳ ಒಳ್ಳೆಯದು, 50ಕ್ಕಿಂತ ಕೆಳಗಿದ್ದರೆ ಆ ತುಂಡಿನ ಸಂಪರ್ಕ ಎಣಿಸುವುದೇ ವ್ಯರ್ಥ. ಹಳೆಯ ಸ್ಕ್ರಿಪ್ಟಿನಲ್ಲಿ ‘60ಕ್ಕಿಂತ ಹೆಚ್ಚಿದ್ದರೆ ಬಿಡು’ ಎಂಬ ಸಾಲಿದ್ದರೆ ಅದು ಕಾಳು ತೂರಿ ಜೊಳ್ಳು ಉಳಿಸಿಕೊಳ್ಳುತ್ತದೆ. ಪ್ರತಿ ಡೊಮೈನಿಗೂ ಒಳ್ಳೆಯ ಅಂಕ ಬಂದಿದ್ದರೂ ಎರಡು ಡೊಮೈನ್‌ಗಳ ನಡುವಿನ ಭಂಗಿ ಸರಿಯೋ ತಪ್ಪೋ ಎಂಬುದಕ್ಕೆ ಪಿಎಇ (ಜೋಡಿ ಜೋಡಿಗಳ ಸ್ಥಾನದ ಅಂದಾಜು ತಪ್ಪು) ಎಂಬ ಬೇರೆ ಕೋಷ್ಟಕ ನೋಡಬೇಕು. ಡೊಮೈನ್‌ಗಳ ನಡುವಿನ ಸಂಪರ್ಕದ ಮೇಲೆ ವಾದ ಕಟ್ಟುವವರು ಅದನ್ನು ನೋಡದೆ ಮುಂದೆ ಹೋಗಬಾರದು.

ಕಡತವನ್ನು ಹಸನು ಮಾಡುವುದು ಬೇಸರದ ಕೆಲಸ, ಆದರೆ ಪಟ್ಟಿ ಕೆಡುವುದು ಹೆಚ್ಚಾಗಿ ಇಲ್ಲೇ. ಒಂದೇ ಪಾರ್ಶ್ವ ಸರಪಳಿ ಎರಡು ಭಂಗಿಯಲ್ಲಿದ್ದರೆ 17ನೆಯ ಅಂಕಣದಲ್ಲಿ ‘ಎ’, ‘ಬಿ’ ಎಂದಿರುತ್ತದೆ. ಎರಡನ್ನೂ ಎಣಿಸಿದರೆ ಒಂದು ರೆಸಿಡ್ಯೂ (ಸರಪಳಿಯೊಳಗಿನ ಅಮೈನೋ ಆಮ್ಲ) ತನ್ನ ಇನ್ನೊಂದು ಭಂಗಿಗೇ ತಾಗಿದಂತೆ ಬರುತ್ತದೆ. 27ನೆಯ ಅಂಕಣದ ಸೇರ್ಪಡೆ ಅಕ್ಷರವನ್ನು ಓದದ ಸ್ಕ್ರಿಪ್ಟ್ 100 ಮತ್ತು 100-ಎ ಎರಡನ್ನೂ ಒಂದೇ ಎಂದುಕೊಳ್ಳುತ್ತದೆ. ಹರಳಿನಲ್ಲಿ ಕಾಣದೇ ಹೋದ ತುಂಡುಗಳಿಗೆ ಸಂಪರ್ಕ ಸೊನ್ನೆ ಎಂದು ಬರೆಯಬಾರದು, ‘ಮಾಹಿತಿ ಇಲ್ಲ’ ಎಂದು ಬರೆಯಬೇಕು. ಆಮೇಲೆ ಸರಪಳಿಯಲ್ಲಿ ಅಕ್ಕಪಕ್ಕದವರನ್ನು ಕಳೆಯಬೇಕು. ಪಕ್ಕದ ಎರಡು ಸಿ-ಆಲ್ಫಾ ಹೇಗೂ 3.8 ಆಂಗ್‌ಸ್ಟ್ರಾಮ್ ದೂರದಲ್ಲೇ ಇರುತ್ತವೆ, ಹೆಲಿಕ್ಸ್ ಎಂಬ ಸುರುಳಿಯಲ್ಲಿ ನಾಲ್ಕು ಸ್ಥಾನ ಆಚೆಯದೂ ಸುಮಾರು 6ರಲ್ಲಿ ಸಿಗುತ್ತದೆ. ಅದರಲ್ಲಿ ಹೊಸ ಸುದ್ದಿಯೇನಿಲ್ಲ. ಕನಿಷ್ಠ 6 ಸ್ಥಾನಗಳ ಅಂತರ ಇಟ್ಟುಕೊಳ್ಳುವುದು ರೂಢಿ. 24 ಮತ್ತು ಮೇಲ್ಪಟ್ಟವನ್ನು ದೂರದ ಸಂಪರ್ಕ ಎನ್ನುತ್ತಾರೆ. ಮಡಿಕೆಯ ಗುಟ್ಟು ಹೆಚ್ಚಾಗಿ ಅವುಗಳಲ್ಲೇ ಇರುತ್ತದೆ.

ಹೈಡ್ರೋಜನ್ ಬಂಧಕ್ಕೆ ದಾನಿಯಿಂದ ಗ್ರಾಹಿಗೆ 3.5 ಆಂಗ್‌ಸ್ಟ್ರಾಮ್ ಎಂಬ ಮಿತಿ ಒಂದೇ ಸಾಲದು, ಕೋನವನ್ನೂ ನೋಡಬೇಕು. ಎಕ್ಸ್-ರೇ ರಚನೆಗಳಲ್ಲಿ ಸಾಮಾನ್ಯವಾಗಿ ಹೈಡ್ರೋಜನ್ ಕಾಣುವುದೇ ಇಲ್ಲ, ನಾವೇ ಸೇರಿಸಬೇಕು. ಆಸ್ಪರಜಿನ್ ಮತ್ತು ಗ್ಲುಟಮಿನ್‌ಗಳ ತುದಿಯಲ್ಲಿ ಆಮ್ಲಜನಕ ಯಾವುದು, ಸಾರಜನಕ ಯಾವುದು ಎಂದು ಬೇರ್ಪಡಿಸುವುದೂ ಕಷ್ಟ, ಎಷ್ಟೋ ಕಡತಗಳಲ್ಲಿ ಅದು ತಿರುಗಾಮುರುಗಾ ಆಗಿರುತ್ತದೆ. ಹಿಸ್ಟಿಡಿನ್ ಇನ್ನೂ ತಕರಾರಿನದು. ಮಿದುಳುಜ್ವರದ ಇ ಪ್ರೋಟೀನಿನಲ್ಲಿ ಆಮ್ಲೀಯತೆಯನ್ನು ಗ್ರಹಿಸುವ ಮುಖ್ಯ ರೆಸಿಡ್ಯೂ 323ನೆಯ ಹಿಸ್ಟಿಡಿನ್. ಅದಕ್ಕೆ ಒಂದು ಪ್ರೋಟಾನ್ ಹೆಚ್ಚು ಕೊಟ್ಟರೆ ಸುತ್ತಲಿನ ಸಂಪರ್ಕಗಳ ಬಗೆಯೇ ಬದಲಾಗುತ್ತದೆ. ಯಾವ ಪಿಎಚ್ ಎಂದು ಹೇಳದೆ ಅದರ ಬಂಧಗಳನ್ನು ಎಣಿಸುವಂತಿಲ್ಲ.

ಸ್ಕ್ರಿಪ್ಟ್ ಸರಿಯಿದೆಯೇ ಎಂದು ನೋಡಲು ಒಂದು ಸುಲಭದ ಪರೀಕ್ಷೆ ಇದೆ. ಇ ಪ್ರೋಟೀನಿನ 1ರಿಂದ 395ರವರೆಗಿನ ಭಾಗದಲ್ಲಿ 12 ಸಿಸ್ಟೀನ್‌ಗಳು ಸೇರಿ 6 ಡೈಸಲ್ಫೈಡ್ ಬಂಧ ಕಟ್ಟಿವೆ: 3ಕ್ಕೆ 30, 74ಕ್ಕೆ 105, ಹೀಗೆ. ಗಂಧಕದಿಂದ ಗಂಧಕಕ್ಕೆ ಸುಮಾರು 2.05 ಆಂಗ್‌ಸ್ಟ್ರಾಮ್. ಪಟ್ಟಿಯಲ್ಲಿ ಆರೂ ಬಾರದಿದ್ದರೆ ಮುಂದಿನ ಯಾವ ಸಾಲನ್ನೂ ನಂಬಬೇಡಿ. 395 ರೆಸಿಡ್ಯೂಗಳಿಗೆ ನೋಡಬೇಕಾದ ಜೋಡಿಗಳು 77,815. ಬಯೋಪೈಥಾನ್ ಎಂಬ ತಂತ್ರಾಂಶ ಹಾಕಿದ ಸಾಧಾರಣ ಲ್ಯಾಪ್‌ಟಾಪಿಗೆ ಇದು ಲೆಕ್ಕಕ್ಕೇ ಇಲ್ಲ. ಕಡತಗಳೂ ಉಚಿತ. ಕಾಸಿಲ್ಲ, ಯಂತ್ರವಿಲ್ಲ ಎಂಬ ನೆಪಕ್ಕೆ ಇಲ್ಲಿ ಜಾಗವಿಲ್ಲ.

ಹಳೆಯ ಲಸಿಕೆ ನಿಂತ ಮೇಲೆ ಕಾಡಂಚಿನ ಜನಕ್ಕೆ ಸದ್ಯ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ತೈಲ ಮತ್ತು ಎಚ್ಚರವೇ ಆಸರೆ. ‘ಮದ್ದು ಸಿಕ್ಕಿತು’ ಎಂಬ ತಲೆಬರಹ ಓದಿ ಯಾರಾದರೂ ತೈಲ ಬಿಟ್ಟು ದರಗು ತರಲು ಹೋದರೆ ಅದರ ಹೊಣೆ ಯಾರದು? ಆದ್ದರಿಂದ ಇಂಥ ಸುದ್ದಿ ಬಂದಾಗ ತಮ್ಮ ವರದಿಗಾರರು ಕಡತದ ಹೆಸರು, ಎಣಿಸಿದ್ದು ಒಂಟಿ ಸರಪಳಿಯನ್ನೋ ಜೋಡಿಯನ್ನೋ, ಯಾವ ಪರಮಾಣುಗಳ ನಡುವೆ ಎಷ್ಟು ಆಂಗ್‌ಸ್ಟ್ರಾಮ್ ಮಿತಿ ಇಟ್ಟರು ಎಂಬುದನ್ನು ಕೇಳಿ ಚಿತ್ರದ ಕೆಳಗೆ ಒಂದು ಸಾಲಿನಲ್ಲಿ ಅಚ್ಚು ಹಾಕಬೇಕೆಂದು ಕೋರುತ್ತೇವೆ. ಪ್ರಾಜೆಕ್ಟ್‌ಗೆ ಅಂಕ ಕೊಡುವ ಅಧ್ಯಾಪಕರೂ ಬಣ್ಣದ ಚಿತ್ರಕ್ಕಿಂತ ಮೊದಲು ಆ ಆರು ಡೈಸಲ್ಫೈಡ್‌ಗಳ ಸಾಲನ್ನು ತೋರಿಸಲು ಹೇಳಲಿ.

ಇತಿ,
ಜೀವರಸಾಯನಶಾಸ್ತ್ರ ಬೋಧಿಸುವ ಇಬ್ಬರು, ಸಾಗರ