ಗೆಳೆಯನಿಗೊಂದು ಪತ್ರ: ಅಮ್ಮನ ಮಾತು ಬಂದದ್ದು ಮೂರನೆಯದಾಗಿ

ಪ್ರಿಯ ಗೆಳೆಯಾ,

ಹೋದ ವಾರ ನೀನು ಕಳಿಸಿದ ಮೆಸೇಜು ಓದಿದೆ. "ಅಮ್ಮ ಬರೆದ ಒಂದು ಪತ್ರದಿಂದ ಅಮೆರಿಕದ ಹೆಂಗಸರಿಗೆಲ್ಲ ಓಟು ಸಿಕ್ಕಿತು" ಅಂತ ನಾಲ್ಕು ಸಾಲು, ಕೆಳಗೊಂದು ಗುಲಾಬಿಯ ಚಿತ್ರ. ಸುಳ್ಳೇನೂ ಅಲ್ಲ. ಆದರೆ ಅದನ್ನು ಓದಿದವರಿಗೆ, ಆ ಪತ್ರ ಪಡೆದು ಓಟು ಹಾಕಿದ ಶಾಸಕ ಹ್ಯಾರಿ ಬರ್ನ್ ಅಂದರೆ ಅಮ್ಮ ಹೇಳಿದಳು ಅಂತ ಹೂಂ ಅಂದುಬಿಟ್ಟ ಹುಡುಗ ಅನ್ನಿಸುತ್ತದೆ, ಅಲ್ವಾ? ಅದು ನನಗೆ ಸರಿ ಕಾಣಲಿಲ್ಲ. ಫೋನಿನಲ್ಲಾದರೆ ಮಾತು ಅರ್ಧಕ್ಕೇ ಬೇರೆ ಕಡೆ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಹ್ಯಾರಿ ಹುಟ್ಟಿದ್ದು 1895ರಲ್ಲಿ, ಟೆನೆಸ್ಸಿ ರಾಜ್ಯದ ಪೂರ್ವದ ಗುಡ್ಡಗಾಡಿನಲ್ಲಿರುವ ನಯೋಟಾ ಅನ್ನುವ ಸಣ್ಣ ಊರಿನಲ್ಲಿ. ಅಪ್ಪ ರೈಲ್ವೆ ಸ್ಟೇಷನ್ನಿನಲ್ಲಿ ಏಜೆಂಟು. ಹ್ಯಾರಿಯೂ ರೈಲ್ವೆಯಲ್ಲೇ ಕೆಲಸಕ್ಕೆ ಸೇರಿದ್ದ. 1918ರಲ್ಲಿ ರಿಪಬ್ಲಿಕನ್ ಪಕ್ಷದಿಂದ ನಿಂತು ರಾಜ್ಯದ ವಿಧಾನಸಭೆಗೆ ಗೆದ್ದುಬಂದಾಗ ಅವನಿಗೆ ಇನ್ನೂ 22. ಇಡೀ ಸಭೆಯಲ್ಲಿ ಅವನಿಗಿಂತ ಚಿಕ್ಕವರು ಯಾರೂ ಇರಲಿಲ್ಲ. ಅಷ್ಟರಲ್ಲಿ ಅಪ್ಪ ತೀರಿಹೋಗಿದ್ದ. ಮನೆಯಲ್ಲಿ ಅಮ್ಮ ಫೆಬ್, ಕಾಲೇಜು ಓದಿದ ಹೆಂಗಸು, ಪೇಪರುಗಳನ್ನು ತರಿಸಿಕೊಂಡು ಓದುವವಳು. ತನ್ನ ಹೊಲದಲ್ಲಿ ದುಡಿಯುವ, ಓದು ಬರಹ ಬಾರದ ಗಂಡಸರು ಓಟು ಹಾಕಬಹುದು, ತಾನು ಮಾತ್ರ ಹಾಕುವಂತಿಲ್ಲ ಅನ್ನುವುದು ಅವಳನ್ನು ಚುಚ್ಚುತ್ತಿತ್ತು.

ಇನ್ನು 1920ರ ಆಗಸ್ಟಿಗೆ ಬರುತ್ತೇನೆ. ಹೆಂಗಸರಿಗೆ ಮತದಾನದ ಹಕ್ಕು ಕೊಡುವ, ಅಮೆರಿಕದ ಸಂವಿಧಾನದ 19ನೇ ತಿದ್ದುಪಡಿಗೆ ಆಗಿನ 48 ರಾಜ್ಯಗಳಲ್ಲಿ 36 ಒಪ್ಪಬೇಕಿತ್ತು, 35 ಒಪ್ಪಿಯಾಗಿತ್ತು. ಎಲ್ಲರ ಕಣ್ಣೂ ಟೆನೆಸ್ಸಿಯ ರಾಜಧಾನಿ ನ್ಯಾಶ್‌ವಿಲ್ ಮೇಲೆ. ಹರ್ಮಿಟೇಜ್ ಹೋಟೆಲಿನಲ್ಲಿ ಎರಡೂ ಕಡೆಯವರು ಬಿಡಾರ ಹೂಡಿದ್ದರು. ಹಕ್ಕು ಬೇಕು ಅನ್ನುವವರ ಕೋಟಿನ ಮೇಲೆ ಹಳದಿ ಗುಲಾಬಿ, ಬೇಡ ಅನ್ನುವವರ ಕೋಟಿನ ಮೇಲೆ ಕೆಂಪು. ರಾಜ್ಯದ ಮೇಲ್ಮನೆಯಾದ ಸೆನೆಟ್ಟಿನಲ್ಲಿ 25ಕ್ಕೆ 4ರಂತೆ ಸುಲಭವಾಗಿ ಪಾಸಾಯಿತು. ಕೆಳಮನೆಯಲ್ಲೇ ಕಷ್ಟ. ಮೊದಲು ಪರವಾಗಿದ್ದ ಸ್ಪೀಕರ್ ಸೆತ್ ವಾಕರ್ ತಿರುಗಿ ನಿಂತಿದ್ದ.

ಹ್ಯಾರಿಯ ಪರಿಸ್ಥಿತಿಯನ್ನು ಸ್ವಲ್ಪ ಯೋಚಿಸು. ಅವನು ಯಾರ ಹತ್ತಿರ ವಕೀಲಿಕೆ ಕಲಿಯುತ್ತಿದ್ದನೋ ಆ ಸೆನೆಟರ್ ಹರ್ಷೆಲ್ ಕ್ಯಾಂಡ್ಲರ್ ತಿದ್ದುಪಡಿಯ ಕಡುವಿರೋಧಿ, ಸೆನೆಟ್ಟಿನಲ್ಲಿ ಬೆಂಕಿ ಕಾರಿದ್ದ. ತನ್ನ ಕ್ಷೇತ್ರದ ಮುಖಂಡರೂ ಬೇಡ ಅನ್ನುತ್ತಿದ್ದರು. ಕೆಲವೇ ತಿಂಗಳಲ್ಲಿ ಮತ್ತೆ ಚುನಾವಣೆ. 24 ವರ್ಷದ ಹುಡುಗ ಕೆಂಪು ಗುಲಾಬಿ ಸಿಕ್ಕಿಸಿಕೊಂಡೇ ಸಭೆಗೆ ಬಂದ.

ಆಗಸ್ಟ್ 18. ವಿಷಯವನ್ನೇ ಬದಿಗೆ ಸರಿಸಿಬಿಡೋಣ ಅಂತ ಸ್ಪೀಕರ್ ಸೂಚನೆ ತಂದ. 48–48. ಮತ್ತೆ ಎಣಿಸಿದರು, ಮತ್ತೆ 48–48. ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ ನೋಡು: ಎರಡೂ ಸಲ ಹ್ಯಾರಿಯ ಓಟು ಬಿದ್ದದ್ದು ಬೇಡ ಅನ್ನುವವರ ಕಡೆಗೇ, ಜೇಬಿನಲ್ಲಿ ಅಮ್ಮನ ಪತ್ರ ಇದ್ದಾಗಲೇ! ಸಮಸಮ ಬಂದರೆ ತಿದ್ದುಪಡಿ ತಾನಾಗಿಯೇ ಬೀಳುತ್ತದೆ ಅನ್ನುವ ಲೆಕ್ಕದಲ್ಲಿ ಸ್ಪೀಕರ್ ನೇರವಾಗಿ ಅದನ್ನೇ ಮತಕ್ಕೆ ಹಾಕಿದ. ಹೆಸರು ಕೂಗುತ್ತಾ ಬಂದರು. ಬರ್ನ್ ಅಂದಾಗ "ಆಯ್" ಅನ್ನುವ ದನಿ, ಅಂದರೆ ಹೌದು, ಎಷ್ಟು ಬೇಗ ಬಂತೆಂದರೆ ಕೇಳಿದ್ದು ನಿಜವೋ ಅಂತ ಜನಕ್ಕೇ ಅನುಮಾನ. ಬ್ಯಾಂಕ್ಸ್ ಟರ್ನರ್ ಅನ್ನುವ ಇನ್ನೊಬ್ಬ ಸದಸ್ಯ ಮೊದಲು ಸುಮ್ಮನಿದ್ದು ಕೊನೆಗೆ ಹೌದು ಅಂದ. 49–47. ಮರುಪರಿಶೀಲನೆ ಕೇಳಬೇಕಾದರೆ ಗೆದ್ದವರ ಕಡೆ ಇರಬೇಕು ಅಂತ ಸ್ಪೀಕರ್ ತಾನೂ ತನ್ನ ಓಟು ಬದಲಿಸಿದ, ಆದರೂ ಆಮೇಲೆ ಏನೂ ನಡೆಯಲಿಲ್ಲ. ವಿರೋಧಿಗಳು ಕೋರಂ, ಅಂದರೆ ಸಭೆ ನಡೆಯಲು ಬೇಕಾದಷ್ಟು ಹಾಜರಿ, ಮುರಿಯಲು ಪಕ್ಕದ ಅಲಬಾಮಾಕ್ಕೆ ಓಡಿಹೋಗಿದ್ದೂ ಉಂಟು. ಆಗಸ್ಟ್ 26ಕ್ಕೆ ತಿದ್ದುಪಡಿ ಅಧಿಕೃತವಾಯಿತು.

ಆ ಪತ್ರ ಏಳು ಪುಟದ್ದು. ಅದರಲ್ಲಿ ಮನೆಯ, ಊರಿನ ಸುದ್ದಿಯೂ ಇದೆ, ಮಗನಿಗೆ ಅಮ್ಮ ಬರೆಯುವಂಥದ್ದು. ನಡುವೆ, ಹೆಂಗಸರ ಓಟಿಗೆ ಜೈ ಅನ್ನು, ಅವರನ್ನು ಅನುಮಾನದಲ್ಲಿ ಇಡಬೇಡ ಅಂತ ಬರೆದಿದ್ದಾಳೆ. ವಿರೋಧಿಗಳ ಭಾಷಣ ಓದಿದೆ, ತುಂಬ ಕಹಿಯಾಗಿತ್ತು ಅನ್ನುತ್ತಾಳೆ. ನೀನು ಯಾವ ಕಡೆ ಅಂತ ಪೇಪರಿನಲ್ಲಿ ಹುಡುಕುತ್ತಿದ್ದೇನೆ, ಇನ್ನೂ ಏನೂ ಕಾಣಲಿಲ್ಲ ಅನ್ನುತ್ತಾಳೆ. ಈ ಸಾಲಿಗೆ ಬಂದಾಗ ನಾನು ಪ್ರತಿ ಸಲ ನಿಲ್ಲುತ್ತೇನೆ. ಮಗನ ಹೆಸರಿಗಾಗಿ ದೂರದ ಊರಿನಲ್ಲಿ ಕೂತು ದಿನಾ ಪೇಪರು ಬಿಡಿಸುವ ತಾಯಿ. ಕೊನೆಗೆ, ಒಳ್ಳೆ ಹುಡುಗನಾಗಿರು, ಮಿಸೆಸ್ ಕ್ಯಾಟ್‌ಗೆ ಸಹಾಯ ಮಾಡು ಅಂತ. ಹಕ್ಕಿನ ಹೋರಾಟದ ಮುಂದಾಳು ಕ್ಯಾರಿ ಚಾಪ್ಮನ್ ಕ್ಯಾಟ್ ಆಗ ನ್ಯಾಶ್‌ವಿಲ್ಲಿನಲ್ಲೇ ಇದ್ದಳು.

ಆದರೆ ಇದೇ ಸಾಲದು ಕಣೋ. ಓಟಿನ ಮಾರನೆಯ ದಿನ ಪೇಪರುಗಳಲ್ಲಿ ಹ್ಯಾರಿ ಲಂಚ ತಿಂದಿದ್ದಾನೆ ಅಂತ ಆರೋಪ ಬಂತು. ಅವನು ಎದ್ದು ನಿಂತು ತನ್ನ ಕಾರಣಗಳನ್ನು ಸಭೆಯ ದಾಖಲೆಗೆ ಸೇರಿಸಿದ. ಆ ಹೇಳಿಕೆಯ ಕ್ರಮ ನೋಡು. ಪೂರ್ತಿ ಮತದಾನ ಒಂದು ಹಕ್ಕು ಅಂತ ನಾನು ನಂಬುತ್ತೇನೆ, ಇದು ಮೊದಲು. ಇದನ್ನು ಒಪ್ಪಲು ನಮಗೆ ನೈತಿಕವಾಗಿಯೂ ಕಾನೂನಿನಿಂದಲೂ ಅಧಿಕಾರವಿತ್ತು, ಇದು ಎರಡನೆಯದು. ಅಮ್ಮನ ಮಾತು ಕೇಳುವುದು ಮಗನಿಗೆ ಯಾವಾಗಲೂ ಕ್ಷೇಮ, ನಮ್ಮಮ್ಮ ನಾನು ಹೀಗೆ ಓಟು ಹಾಕಲಿ ಅಂತ ಬಯಸಿದ್ದಳು ಅನ್ನುವುದು ಮೂರನೆಯದು. ಒಂದು ಕೋಟಿ ಎಪ್ಪತ್ತು ಲಕ್ಷ ಹೆಂಗಸರನ್ನು ರಾಜಕೀಯ ಗುಲಾಮಗಿರಿಯಿಂದ ಬಿಡಿಸುವ ಅವಕಾಶ ಮನುಷ್ಯನಿಗೆ ಅಪರೂಪಕ್ಕೆ ಸಿಗುವಂಥದ್ದು, ಅದು ನನ್ನದಾಗಿತ್ತು ಅಂತಲೂ ಹೇಳಿದ. ನಾವು ಮೊದಲೆರಡನ್ನು ಬಿಟ್ಟು ಮೂರನೆಯದನ್ನಷ್ಟೇ ನೂರು ವರ್ಷದಿಂದ ಹೇಳಿಕೊಂಡು ಬಂದಿದ್ದೇವೆ. ಅಮ್ಮ ಧೈರ್ಯ ಕೊಟ್ಟಿರಬಹುದು, ನಿಜ. ಹೌದು ಅಂದಮೇಲೆ ಬಿದ್ದ ಬೈಗುಳವನ್ನು ತಿಂದವನು ಅವನು. ವಿರೋಧಿಗಳು ಆ ಅಮ್ಮನನ್ನೂ ಬಿಡಲಿಲ್ಲ, ಪತ್ರ ನಿನ್ನದಲ್ಲ ಅಂತ ಹೇಳು ಎಂದು ಮನೆ ಬಾಗಿಲಿಗೇ ಹೋಗಿ ಒತ್ತಾಯ ಮಾಡಿದರು. ಆಕೆ ಜಗ್ಗಲಿಲ್ಲ.

ಅವನ ರಾಜಕೀಯ ಅಲ್ಲಿಗೇ ಮುಗಿಯಿತು ಅಂತ ಎಷ್ಟೋ ಜನ ಅಂದುಕೊಂಡಿದ್ದರು. ಅದೇ ವರ್ಷದ ಚುನಾವಣೆಯಲ್ಲಿ ಮತ್ತೆ ಗೆದ್ದ! ಆಮೇಲೆ ವಕೀಲನಾದ. 1930ರಲ್ಲಿ ಗವರ್ನರ್ ಆಗಲು ಪ್ರಯತ್ನಿಸಿದ, ಆಗಲಿಲ್ಲ. 1948ರ ಹೊತ್ತಿಗೆ ರಾಜ್ಯದ ಸೆನೆಟ್ಟಿಗೆ ಹೋದ, ಬ್ಯಾಂಕ್ ನಡೆಸಿದ, ರಾಜ್ಯದ ಯೋಜನಾ ಆಯೋಗದಲ್ಲಿ ವರ್ಷಗಟ್ಟಲೆ ಕೂತ. 1953ರಲ್ಲಿ ರಾಜ್ಯದ ಸಂವಿಧಾನ ತಿದ್ದುವ ಸಮಾವೇಶಕ್ಕೂ ಪ್ರತಿನಿಧಿಯಾಗಿದ್ದ. ನನಗೆ ಇದು ಮುಖ್ಯ ಅನ್ನಿಸುತ್ತದೆ. ಯಾಕೆಂದರೆ 1920ರ ಓಟು ಎಲ್ಲರಿಗೂ ಸಿಗಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಕರಿಯ ಹೆಂಗಸರನ್ನು ತೆರಿಗೆ, ಪರೀಕ್ಷೆ, ಬೆದರಿಕೆಗಳಿಂದ ದಶಕಗಟ್ಟಲೆ ಮತಗಟ್ಟೆಯಿಂದ ದೂರ ಇಟ್ಟರು. ಓಟು ಹಾಕಲು ದುಡ್ಡು ಕಟ್ಟಬೇಕಾದ ಆ ತೆರಿಗೆಯನ್ನು ಟೆನೆಸ್ಸಿಯ ಸಂವಿಧಾನದಿಂದ ಕಿತ್ತುಹಾಕುವ ತಿದ್ದುಪಡಿ ಬಂದದ್ದು ಅದೇ ಸಮಾವೇಶದಿಂದ. ಅಲ್ಲಿ ಕೂತವರಲ್ಲಿ 57 ವರ್ಷದ ಹ್ಯಾರಿ ಬರ್ನ್ ಕೂಡ ಒಬ್ಬ.

1977ರಲ್ಲಿ ತನ್ನ ಊರಿನಲ್ಲೇ ತೀರಿಕೊಂಡ. ನಾಕ್ಸ್‌ವಿಲ್ಲಿನಲ್ಲಿ ಈಗ ತಾಯಿ ಮಗ ಇಬ್ಬರದೂ ಪ್ರತಿಮೆ ಇದೆ, ಜೊತೆಯಲ್ಲೇ.

ನಿನ್ನ ಗುಂಪಿನಲ್ಲಿ ಹಾಕಿದ ಆ ಮೆಸೇಜಿನ ಕೆಳಗೆ ಇದರಲ್ಲಿ ಎರಡು ಸಾಲಾದರೂ ಸೇರಿಸು, ಸಾಧ್ಯವಾದರೆ ಆ ಮೂರು ಕಾರಣಗಳನ್ನು ಇದೇ ಕ್ರಮದಲ್ಲಿ. ನಿಮ್ಮಮ್ಮನಿಗೆ ನಾನು ಕೇಳಿದೆ ಅಂತ ಹೇಳು. ದಸರಾ ರಜೆಯಲ್ಲಿ ಬರುತ್ತೇನೆ.

ನಿನ್ನ ಗೆಳೆಯ