ಜೋಡುನಳಿಗೆ ಕೋವಿಯನ್ನು ಕಾಸ್ಟಿಕ್ ತೊಟ್ಟಿಗೆ ಇಳಿಸಬೇಡಿ

ಸಂಪಾದಕರಿಗೆ,

ಮಾನ್ಯರೇ,

ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆಯ ಹಬ್ಬ) ಹತ್ತಿರ ಬಂತೆಂದರೆ ಕೊಡಗಿನ ಮನೆಗಳಲ್ಲಿ ಹಳೆಯ ಕೋವಿಗಳು ಹೊರಗೆ ಬರುತ್ತವೆ. ಪೂಜೆಗಿಡುವ ಕೋವಿ ಹೊಳೆಯಬೇಕೆಂದು ಬಯಸುವುದು ತಪ್ಪಲ್ಲ. ಆದರೆ ಅಜ್ಜನ ಕಾಲದ ಇಂಗ್ಲಿಷ್ ಜೋಡುನಳಿಗೆಗೆ ‘ಹೊಸದಾಗಿ ಬ್ಲೂ ಮಾಡಿಸುವ’ ಮೊದಲು ಅದರ ಮೇಲೆ ಈಗ ಇರುವುದು ಯಾವ ಬ್ಲೂ ಎಂದು ನೋಡಿಕೊಳ್ಳಬೇಕು. ಬ್ಲೂಯಿಂಗ್, ಅಂದರೆ ಉಕ್ಕಿನ ಮೈಗೆ ನೀಲಿಗಪ್ಪು ಬಣ್ಣ ಹಿಡಿಸುವುದು, ಒಂದು ಕೆಲಸವಲ್ಲ, ನಾಲ್ಕಾರು ಬೇರೆ ಬೇರೆ ಕೆಲಸಗಳಿಗೆ ಇಟ್ಟಿರುವ ಒಂದೇ ಹೆಸರು.

ಜೋಡುನಳಿಗೆಯಲ್ಲಿ ಎರಡು ನಳಿಗೆಗಳ ನಡುವೆ ಮೇಲೊಂದು, ಕೆಳಗೊಂದು ರಿಬ್ (ಉದ್ದನೆಯ ಲೋಹದ ಪಟ್ಟಿ) ಇರುತ್ತದೆ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಈ ರಿಬ್‌ಗಳನ್ನು ಉದ್ದಕ್ಕೂ ಹಿಡಿದಿಟ್ಟಿರುವುದು ಸೀಸ ಮತ್ತು ತವರದ ಮೆದು ಬೆಸುಗೆ. ಇಂದು ಬಹುತೇಕ ಕಡೆ ಬ್ಲೂಯಿಂಗ್ ಎಂದರೆ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳ ಕುದಿಯುವ ತೊಟ್ಟಿ. ಅದರ ಶಾಖ ಸುಮಾರು 135ರಿಂದ 150 ಡಿಗ್ರಿ ಸೆಲ್ಸಿಯಸ್. ‘ಬೆಸುಗೆ ಕರಗಲು 183 ಡಿಗ್ರಿ ಬೇಕಲ್ಲ, ತೊಟ್ಟಿ ಅಷ್ಟು ಕಾಯುವುದೇ ಇಲ್ಲ’ ಎನ್ನುವವರಿದ್ದಾರೆ. ಲೆಕ್ಕವೇನೋ ಸರಿ, ಆದರೆ ಇಲ್ಲಿ ಕೆಡಿಸುವುದು ಶಾಖವಲ್ಲ, ಕ್ಷಾರ. ಬಿಸಿ ಕಾಸ್ಟಿಕ್ ತವರವನ್ನು ತಿನ್ನುತ್ತದೆ. ಬೆಸುಗೆಯ ಸಣ್ಣ ಸಂದು ಸಿಕ್ಕರೂ ದ್ರಾವಣ ರಿಬ್ ಕೆಳಗಿನ ಪೊಳ್ಳಿಗೆ ಇಳಿಯುತ್ತದೆ, ಆಮೇಲೆ ಎಷ್ಟು ತೊಳೆದರೂ ಹೊರಗೆ ಬರುವುದಿಲ್ಲ. ಕೋವಿ ಕೈಗೆ ಬಂದ ದಿನ ಕನ್ನಡಿಯಂತಿರುತ್ತದೆ. ಕೆಲವು ತಿಂಗಳು ಕಳೆದ ಮೇಲೆ ರಿಬ್ಬಿನ ಅಂಚಿನಲ್ಲಿ ಉಪ್ಪಿನಂಥ ಬಿಳಿ ಪುಡಿ ಏಳುತ್ತದೆ. ಅಷ್ಟು ಹೊತ್ತಿಗೆ ಒಳಗೆ ತುಕ್ಕು ಕೆಲಸ ಶುರುಮಾಡಿರುತ್ತದೆ.

ಇನ್ನು ಗುರುತಿಸುವ ಬಗೆ. ಹಳೆಯ ಇಂಗ್ಲಿಷ್ ನಳಿಗೆಗಳ ಮೂಲ ಬಣ್ಣ ತುಕ್ಕಿನಿಂದಲೇ ಬಂದದ್ದು. ಅದು ಮಿರಮಿರ ಮಿಂಚುವುದಿಲ್ಲ, ರೇಷ್ಮೆಯ ಮೇಲಿನ ಬೆಳಕಿನಂತೆ ಮೆದುವಾಗಿ ಹೊಳೆಯುವ ಆಳವಾದ ಬೂದುಗಪ್ಪು. ಕಾಸ್ಟಿಕ್ ತೊಟ್ಟಿಯ ಬಣ್ಣ ಕಡುಗಪ್ಪು, ಹೊಳಪು ಹೆಚ್ಚು, ಕೆಲವು ಬಗೆಯ ಉಕ್ಕಿನ ಮೇಲೆ ನೇರಳೆಗೆ ತಿರುಗುತ್ತದೆ. ಆ ವಿಧಾನ ಬಳಕೆಗೆ ಬಂದದ್ದೇ ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ. ಹಾಗಾಗಿ 1920ರ ಕೋವಿ ಹಾಗೆ ಹೊಳೆಯುತ್ತಿದ್ದರೆ ಅದು ಮೂಲ ಬಣ್ಣವಲ್ಲ.

ಬಣ್ಣ ಮೋಸಮಾಡಬಹುದು, ನಳಿಗೆಯ ಬುಡ ಮಾಡುವುದಿಲ್ಲ. ನಳಿಗೆಯಡಿಯ ಮುಂದಿನ ಮರವನ್ನು ಕಳಚಿ, ನಳಿಗೆ ಬಿಚ್ಚಿ, ಆಕ್ಷನ್ (ನಳಿಗೆಯ ಬುಡ ಬಂದು ಕೂರುವ ಉಕ್ಕಿನ ಭಾಗ) ಮೇಲೆ ಕೂರುವ ಚಪ್ಪಟೆ ಭಾಗವನ್ನು ನೋಡಿ. ಪ್ರೂಫ್ ಮುದ್ರೆಗಳು, ಅಂದರೆ ನಳಿಗೆಯ ಬಲ ಪರೀಕ್ಷಿಸಿ ಒತ್ತಿದ ಗುರುತುಗಳು, ಇರುವುದು ಅಲ್ಲೇ. ಇಂಗ್ಲಿಷ್ ಕೆಲಸದಲ್ಲಿ ಈ ಜಾಗ ಸಾಮಾನ್ಯವಾಗಿ ಬಿಳಿ ಉಕ್ಕಾಗಿಯೇ ಉಳಿದಿರುತ್ತದೆ. ಅಲ್ಲೂ, ಎಕ್ಸ್‌ಟ್ರಾಕ್ಟರ್ (ತೋಟಾವನ್ನು ಹೊರಗೆಳೆಯುವ ಭಾಗ) ಮೇಲೂ, ತೋಟಾ ಕೂರುವ ಮನೆಯೊಳಗೂ ಒಂದೇ ಸಮ ಕಪ್ಪಿದ್ದರೆ ಇಡೀ ನಳಿಗೆಯನ್ನು ತೊಟ್ಟಿಯಲ್ಲಿ ಮುಳುಗಿಸಿದ್ದಾರೆಂಬ ಅನುಮಾನ ಬಲವಾಗುತ್ತದೆ. ಮುದ್ರೆಗಳನ್ನು ಭೂತಗನ್ನಡಿಯಲ್ಲಿ ನೋಡಿ. ಅಕ್ಷರದ ಅಂಚು ಕರಗಿದಂತಿದ್ದರೆ, ತಿರುಪಿನ ತೂತಿನ ಬಾಯಿ ತಟ್ಟೆಯಂತೆ ತಗ್ಗಿದ್ದರೆ, ರಿಬ್ಬಿನ ಮೇಲಿನ ಅಂಗಡಿಯ ಹೆಸರು ತೆಳುವಾಗಿದ್ದರೆ ಬಫ್ ಚಕ್ರಕ್ಕೆ (ಮೆರುಗು ಕೊಡುವ ಯಂತ್ರದ ಚಕ್ರ) ಕೊಟ್ಟಿದ್ದಾರೆ. ತುಕ್ಕು ತಿಂದ ಕುಳಿಯ ತಳದಲ್ಲೂ ಬ್ಲೂ ಕಂಡರೆ ಬಣ್ಣ ಬಂದದ್ದು ತುಕ್ಕು ತಿಂದ ಮೇಲೆ. (ರಿಬ್ ಮೇಲೆ ಕಲ್ಕತ್ತದ ಮ್ಯಾಂಟನ್ ಅಥವಾ ರೊಡ್ಡ ಎಂದಿದ್ದರೆ ಅದು ಮಾರಿದವರ ಹೆಸರಾಗಿರಬಹುದು. ನಳಿಗೆಯನ್ನು ಪರೀಕ್ಷಿಸಿದ ಊರು ತಿಳಿಯಬೇಕಾದರೆ ಪ್ರೂಫ್ ಮುದ್ರೆಯನ್ನೇ ಕೇಳಬೇಕು.)

ಆಕ್ಷನ್ ಮೇಲೆ ಬ್ಲೂ ಇದ್ದರೂ ಎಚ್ಚರ. ಬಹಳಷ್ಟು ಇಂಗ್ಲಿಷ್ ಕೋವಿಗಳ ಆಕ್ಷನ್ ಮೂಲದಲ್ಲಿ ಬ್ಲೂ ಆದದ್ದಲ್ಲ. ಮೂಳೆ ಮತ್ತು ಮರದ ಇದ್ದಿಲಿನಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಗಟ್ಟಿಮಾಡಿದ ಉಕ್ಕು ಅದು. ಅದರ ಮೇಲಿನ ಕಂದು, ನೀಲಿ, ಬೂದಿ ಬೆರೆತ ಮೋಡದಂಥ ಬಣ್ಣ ಕೈ ತಾಗಿ ತಾಗಿ ಬೆಳ್ಳಿಯಂತಾಗುತ್ತದೆ. ಆ ಬೆಳ್ಳಿಯನ್ನು ಹಾಗೇ ಬಿಡುವುದೇ ಮರ್ಯಾದೆ. ತಿರುಪುಗಳ ತಲೆಯ ನವಿಲು ನೀಲಿ ಬಂದದ್ದು ರಾಸಾಯನಿಕದಿಂದಲ್ಲ, ಸುಮಾರು 300 ಡಿಗ್ರಿ ಶಾಖದಿಂದ. ಅದನ್ನು ಮತ್ತೆ ತರುವುದು ಸುಲಭ, ಆದರೆ ನಳಿಗೆಗೆ ಆ ಶಾಖ ತೋರಿಸಿದರೆ ರಿಬ್ ಕೈಗೆ ಬರುತ್ತದೆ.

ಬಾಟಲಿಯಲ್ಲಿ ಸಿಗುವ ಕೋಲ್ಡ್ ಬ್ಲೂ ಹೆಚ್ಚಾಗಿ ಸೆಲೆನಿಯಂ ಮತ್ತು ತಾಮ್ರದ ಲವಣ. ಗೀರು ಮುಚ್ಚಲು ಅದು ಸಾಕು, ಇಡೀ ನಳಿಗೆಗೆ ಹಚ್ಚಿದರೆ ತೇಪೆ ತೇಪೆಯಾಗಿ ಕಾಣುತ್ತದೆ. ಬೇಗ ಸವೆಯುತ್ತದೆ, ಓರೆ ಬೆಳಕಿನಲ್ಲಿ ತಾಮ್ರದ ಛಾಯೆ ಬರುತ್ತದೆ, ಉಜ್ಜಿ ಮೂಸಿದರೆ ಕೆಟ್ಟ ವಾಸನೆ.

ಸರಿಯಾದ ದಾರಿ ತುಕ್ಕಿನದೇ. ಮೊದಲು ನಳಿಗೆಯನ್ನು ಬರೀ ನೀರಿನಲ್ಲಿ ಒಮ್ಮೆ ಕುದಿಸಬೇಕು. ರಿಬ್ ಅಡಿಯಲ್ಲಿ ವರ್ಷಗಳಿಂದ ಕೂತ ಎಣ್ಣೆ ಆಗ ಹೊರಬರುತ್ತದೆ. ಈ ಹೆಜ್ಜೆ ಬಿಟ್ಟರೆ ಅದೇ ಎಣ್ಣೆ ನಡುವಿನ ಸುತ್ತುಗಳಲ್ಲಿ ಒಸರಿ ರಿಬ್ ಪಕ್ಕದಲ್ಲಿ ಪಟ್ಟೆ ಬೀಳುತ್ತದೆ. ಆಮೇಲೆ ಕೈಯಿಂದಲೇ, ಮರದ ತುಂಡಿಗೆ ಸುತ್ತಿದ ಮರಳು ಕಾಗದದಿಂದ 320 ಅಥವಾ 400 ನಂಬರಿನವರೆಗೆ ಉಜ್ಜುವುದು. ಅದಕ್ಕಿಂತ ನುಣುಪಾದರೆ ತುಕ್ಕು ಸರಿಯಾಗಿ ಹಿಡಿಯುವುದಿಲ್ಲ. ಉಜ್ಜುವ ಮೊದಲು ನಳಿಗೆಯ ದಪ್ಪ ಅಳೆಸಬೇಕು. ಅತಿ ತೆಳುವಾದ ಕಡೆ 0.020 ಇಂಚು, ಅಂದರೆ ಅರ್ಧ ಮಿಲಿಮೀಟರ್‌ನಷ್ಟೇ ಉಳಿದಿದ್ದರೆ ಉಜ್ಜುವ ಮಾತೇ ಬೇಡ. ಒಳಗೆ ವಾರ್ನಿಷ್ ಬಳಿದು ಎರಡೂ ತುದಿಗೆ ಮರದ ಬಿರಡೆ ಬಡಿಯಬೇಕು. ಜಿಡ್ಡು ತೆಗೆದ ಮೇಲೆ ಬರಿಗೈ ತಾಗಿಸಬಾರದು.

ಕಬ್ಬಿಣ ಕರಗಿಸಿದ ಆಮ್ಲದ ದ್ರಾವಣವನ್ನು ಹಿಂಡಿದ ಹತ್ತಿಯಿಂದ ಒಂದೇ ಎಳೆತಕ್ಕೆ ತೆಳುವಾಗಿ ಹಚ್ಚಬೇಕು. ಒದ್ದೆ ಹೆಚ್ಚಾದರೆ ಇಳಿದ ಗೆರೆ, ತಾಮ್ರ ಬಣ್ಣದ ಚುಕ್ಕೆ. ಕೊಡಗಿನ ಮಳೆಗಾಲದಲ್ಲಿ ಮೂರು ನಾಲ್ಕು ಗಂಟೆಗೆ ಕೆಂಪು ಧೂಳಿನಂಥ ತುಕ್ಕು ಬರುತ್ತದೆ. ಬೇಸಿಗೆಯಲ್ಲಿ ಒದ್ದೆ ಬಟ್ಟೆ ತೂಗಿಸಿದ ಪೆಟ್ಟಿಗೆ ಬೇಕು, ಒಂದು ದಿನವೂ ಹಿಡಿಯಬಹುದು. ಮಳೆಗಾಲದಲ್ಲಿ ರಾತ್ರಿಯಿಡೀ ಬಿಟ್ಟರೆ ಉಕ್ಕು ಕುಳಿ ಬೀಳುತ್ತದೆ. ನಂತರ 15ರಿಂದ 20 ನಿಮಿಷ ಕುದಿಸಿದರೆ ಕೆಂಪು ತುಕ್ಕು ಮ್ಯಾಗ್ನಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡ್ ಆಗುತ್ತದೆ. ನೀರು ಶುದ್ಧ ಮಳೆನೀರು ಅಥವಾ ಡಿಸ್ಟಿಲ್ಡ್ ಆಗಿರಲಿ, ಬೋರ್‌ವೆಲ್ ನೀರಿನ ಸುಣ್ಣ ಬಿಳಿ ಕಲೆ ಬಿಡುತ್ತದೆ. ಜಿಡ್ಡಿಲ್ಲದ ಸಣ್ಣ ತಂತಿಯ ಬ್ರಷ್‌ನಿಂದ ಮೇಲಿನ ಮಸಿ ತೆಗೆದು ಮತ್ತೆ ದ್ರಾವಣ. ಹೀಗೆ ಆರರಿಂದ ಹತ್ತು ಸುತ್ತು. ಕೊನೆಗೆ ಅಡುಗೆ ಸೋಡಾ ನೀರಿನಲ್ಲಿ ಕುದಿಸಿ, ಬಿಸಿಯಿರುವಾಗಲೇ ಎಣ್ಣೆ. ಒಂದು ವಾರದ ಕೆಲಸ. ‘ಸಂಜೆಗೆ ಬನ್ನಿ’ ಎನ್ನುವವರು ಮಾಡುವುದು ಇದನ್ನಲ್ಲ.

ಡಮಾಸ್ಕಸ್ ನಳಿಗೆಯ ಮಾತು ಬೇರೆ. ಕಬ್ಬಿಣ ಮತ್ತು ಉಕ್ಕಿನ ಎಳೆಗಳನ್ನು ಹುರಿಗೊಳಿಸಿ, ಸುರುಳಿ ಸುತ್ತಿ, ಬಡಿದು ಮಾಡಿದ್ದು ಅದು. ಅದರ ಚಿತ್ತಾರ ತೋರುವಂತೆ ಕಂದು ಹಿಡಿಸುತ್ತಿದ್ದರು. ಎಷ್ಟೋ ನಳಿಗೆಗಳ ಚಿತ್ತಾರ ಆಮೇಲೆ ಬಳಿದ ಕಪ್ಪಿನ ಅಡಿಯಲ್ಲಿ ಅಡಗಿದೆ. ಮುಂದಿನ ಮರದಡಿಯ ಭಾಗವನ್ನು ಓರೆ ಬೆಳಕಿಗೆ ಹಿಡಿದು ನೋಡಿ. ಚಿತ್ತಾರ ಕಂಡರೆ, ಲೈಸೆನ್ಸ್ ಇರುವ ಪರಿಣತರು ಪರೀಕ್ಷಿಸುವ ತನಕ ಅದರಲ್ಲಿ ತೋಟಾ ಹಾರಿಸಬೇಡಿ.

ಯಾವ ಕೋವಿಗೇ ಆಗಲಿ, ಕೆಲಸ ಮಾಡಿಸುವ ಮೊದಲೂ ಆಮೇಲೂ ಒಂದು ಪರೀಕ್ಷೆ ಮಾಡಿ. ಖಾಲಿ ಇದೆಯೆಂದು ಖಚಿತಪಡಿಸಿಕೊಂಡು ನಳಿಗೆಯನ್ನಷ್ಟೇ ಬಿಚ್ಚಿ, ಬುಡದ ಕೊಕ್ಕೆಯಲ್ಲಿ ಬೆರಳಿಗೆ ತೂಗುಹಾಕಿ ಗೆಣ್ಣಿನಿಂದ ತಟ್ಟಿ. ಗಂಟೆಯಂತೆ ನಾದ ಎದ್ದರೆ ರಿಬ್ ಗಟ್ಟಿ. ಡಬಡಬ ಅಂದರೆ, ಝರ್ರೆಂದರೆ ಬೆಸುಗೆ ಬಿಟ್ಟಿದೆ. ಆಗ ರಿಬ್ ಬಿಚ್ಚಿ, ಒಳಗನ್ನು ತೊಳೆದು, ಮತ್ತೆ ಬೆಸೆಯುವುದಲ್ಲದೆ ಬೇರೆ ದಾರಿಯಿಲ್ಲ.

ಕಾನೂನಿನ ಎರಡು ಮಾತು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಆದರೆ ಕೋವಿ ರಿಪೇರಿಯನ್ನು ಕಸುಬಾಗಿ ಮಾಡುವವರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇರಲೇಬೇಕು. 8ನೇ ಸೆಕ್ಷನ್ ಪ್ರಕಾರ ಕೋವಿಯ ಮೇಲಿನ ಹೆಸರು, ನಂಬರು ಅಳಿಸುವುದು ಅಪರಾಧ. ಬಫ್ ಚಕ್ರಕ್ಕೆ ಇದು ತಿಳಿಯದು, ಕೊಡುವವರು ಮೊದಲೇ ಹೇಳಬೇಕು.

ಹಬ್ಬದ ದಿನ ನಳಿಗೆಯ ಬಾಯಿಗೆ ಸಿಕ್ಕಿಸಿದ ತೋಕ್ ಪೂವನ್ನು (ಕೋವಿ ಹೂವನ್ನು) ಸಂಜೆಯೇ ತೆಗೆಯಿರಿ. ಒದ್ದೆ ಗಂಧ, ಕುಂಕುಮ ಒರೆಸಿ ತೆಳುವಾಗಿ ಎಣ್ಣೆ ಹಚ್ಚಿ ಇಡಿ. ಒಂದು ರಾತ್ರಿಯ ತೇವಕ್ಕೂ ಬೊಟ್ಟಿನ ಆಕಾರದಲ್ಲೇ ತುಕ್ಕು ಏಳುತ್ತದೆ.

– ಒಬ್ಬ ಓದುಗ, ವಿರಾಜಪೇಟೆ