ನೇಪಾಳಕ್ಕೆ ಕೊಡುವ ನೆರವು ಊರಲ್ಲಿ ಉಳಿದವರ ಕೈ ಸೇರಲಿ

ಮಾನ್ಯ ಸಂಪಾದಕರೇ,

1951ರಿಂದ ನೇಪಾಳಕ್ಕೆ ಬರುತ್ತಿದ್ದ ಅಮೆರಿಕದ ನೆರವಿನ ಬಹುಭಾಗ, 2025ರಲ್ಲಿ ಆ ದೇಶದ ವಿದೇಶಿ ನೆರವಿನ ಸಂಸ್ಥೆಯಾದ ಯುಎಸ್‌ಏಡ್ ಮುಚ್ಚಿದ ಮೇಲೆ ನಿಂತುಹೋಗಿದೆ. ಎಷ್ಟು ಹಣ ಕಡಿತವಾಯಿತು ಎಂಬ ಚರ್ಚೆ ಸಾಕಷ್ಟು ನಡೆದಿದೆ. ಇನ್ನು ಮುಂದೆ ಕೊಡುವ ಹಣವಾದರೂ ಯಾರ ಕೈ ಸೇರಬೇಕು ಎಂಬುದನ್ನು ಭಾರತದಂಥ ದಾನಿ ದೇಶಗಳು ಈಗಲೇ ಯೋಚಿಸಬೇಕೆಂಬುದು ನನ್ನ ಕಳಕಳಿ.

2021ರ ಜನಗಣತಿಯಂತೆ ನೇಪಾಳದ ಜನಸಂಖ್ಯೆ ಸುಮಾರು 2.92 ಕೋಟಿ, ಗಣತಿಯ ವೇಳೆ ಹೊರದೇಶಗಳಲ್ಲಿದ್ದವರು ಸುಮಾರು 22 ಲಕ್ಷ. ಅವರು ಕಳುಹಿಸುವ ಹಣವೇ ದೇಶದ ಒಟ್ಟು ಉತ್ಪನ್ನದ ಕಾಲು ಭಾಗದಷ್ಟಿದೆ. ಬೆಟ್ಟದ ಎಷ್ಟೋ ಹಳ್ಳಿಗಳಲ್ಲಿ ಉಳಿದಿರುವವರು ಮುದುಕರು, ಹೆಂಗಸರು ಮತ್ತು ಮಕ್ಕಳು. ಆದರೆ ನೆರವಿನ ಯೋಜನೆಗಳು ಮಾತ್ರ ಮನೆಯಲ್ಲಿ ದುಡಿಯುವ ಗಂಡಾಳು ಇದ್ದೇ ಇರುತ್ತಾನೆಂದು ನಂಬಿಕೊಂಡೇ ರೂಪುಗೊಳ್ಳುತ್ತವೆ.

2015ರ ಏಪ್ರಿಲ್ 25ರ ಭೂಕಂಪದ ನಂತರ ಇದರ ಪರಿಣಾಮ ಕಣ್ಣಿಗೆ ಕಟ್ಟುವಂತೆ ಕಂಡಿತು. ಮನೆ ಕಳೆದುಕೊಂಡ ಕುಟುಂಬಕ್ಕೆ ಮೂರು ಲಕ್ಷ ನೇಪಾಳಿ ರೂಪಾಯಿಯನ್ನು ಮೂರು ಕಂತುಗಳಲ್ಲಿ ಕೊಡಲಾಯಿತು. ತಳಪಾಯವೆದ್ದು ತಪಾಸಣೆಯಾಗದೆ ಮುಂದಿನ ಕಂತು ಬರುತ್ತಿರಲಿಲ್ಲ. ಕಲ್ಲು ಹೊರಬೇಕಾದ ಮಗ ಕತಾರ್‌ನಲ್ಲಿಯೋ ಮಲೇಷ್ಯಾದಲ್ಲಿಯೋ ಇದ್ದ, ಊರಲ್ಲಿ ಗಾರೆ ಕೆಲಸದವರಿಗೆ ಬರ, ಜಮೀನಿನ ಪತ್ರ ಗಂಡನ ಅಥವಾ ಮಾವನ ಹೆಸರಿನಲ್ಲಿ. ಸೊಸೆಯಾದವಳು ದಾಖಲೆಗಾಗಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು. ಮೂರು ಲಕ್ಷ ಸಾಲದೆ ಬಡ್ಡಿಗೆ ಸಾಲ ತಂದವರು ಬಹಳ ಮಂದಿ. ಕಂತು ಕೈತಪ್ಪಬಾರದೆಂದು ಒಂದೇ ಕೋಣೆಯ ಮನೆ ಕಟ್ಟಿ, ಅಲ್ಲಿ ಸಂಸಾರ ಹಿಡಿಸದೆ ಹಳೆಯ ತಗಡಿನ ಗುಡಿಸಲಲ್ಲೇ ಒಲೆ ಹಚ್ಚಿದವರೂ ಇದ್ದಾರೆ. ಆ ಸಾಲ ತೀರಿಸಲು ಕೊಲ್ಲಿ ದೇಶಗಳ ದುಡಿಮೆಯೇ ಗತಿಯಾದಾಗ, ಜನರನ್ನು ಊರಲ್ಲಿ ನಿಲ್ಲಿಸಬೇಕಾದ ನೆರವೇ ಅವರನ್ನು ಹೊರಗೆ ದೂಡಿದಂತಾಯಿತು.

ಇದಕ್ಕೆ ವ್ಯತಿರಿಕ್ತವಾಗಿ, 1988ರಲ್ಲಿ ಆರಂಭವಾದ ಮಹಿಳಾ ಸಮುದಾಯ ಆರೋಗ್ಯ ಸ್ವಯಂಸೇವಕಿಯರ ವ್ಯವಸ್ಥೆಯನ್ನು ನೋಡಬೇಕು. ನಮ್ಮ ಆಶಾ ಕಾರ್ಯಕರ್ತೆಯರಂತೆ ಅದೇ ಊರಿನ ಹೆಂಗಸರಾದ ಇವರ ಸಂಖ್ಯೆ 50,000ಕ್ಕೂ ಹೆಚ್ಚು. ವರ್ಷಕ್ಕೆರಡು ಬಾರಿ ಮಕ್ಕಳನ್ನು ಸೇರಿಸಿ, ವಿಟಮಿನ್ ಎ ಕ್ಯಾಪ್ಸೂಲಿನ ತುದಿಯನ್ನು ಕತ್ತರಿಸಿ, ಎಣ್ಣೆಯಂಥ ಹನಿಗಳನ್ನು ಬಾಯಿಗೆ ಹಿಂಡುವವರು ಇವರೇ. ದೇಶದಲ್ಲಿ ಮಕ್ಕಳ ಸಾವು ಇಳಿದದ್ದರಲ್ಲಿ ಇವರ ಪಾಲು ದೊಡ್ಡದು. ಆದರೂ ಇವರಿಗೆ ತಿಂಗಳ ಸಂಬಳವಿಲ್ಲ. ವಿದೇಶಿ ಹಣ ಕೈಬಿಟ್ಟಿರುವ ಈ ಹೊತ್ತಿನಲ್ಲಿ ಮೊದಲು ಉಳಿಸಿಕೊಳ್ಳಬೇಕಾದದ್ದು ಇಂಥ ಕೆಲಸವನ್ನು, ಹೊಸ ಕಟ್ಟಡಗಳನ್ನಲ್ಲ.

ಭಾರತವು ಗೋರ್ಖಾ ಮತ್ತು ನುವಾಕೋಟ್ ಜಿಲ್ಲೆಗಳಲ್ಲಿ 50,000 ಮನೆಗಳ ಮರುನಿರ್ಮಾಣಕ್ಕೆ ನೆರವಾದಾಗ ಹಣದ ಜೊತೆಗೆ ಮನೆಬಾಗಿಲಲ್ಲೇ ತಾಂತ್ರಿಕ ಸಲಹೆಯನ್ನೂ ಒದಗಿಸಿತು. ಅದು ಮೆಚ್ಚಬೇಕಾದ ಮಾದರಿ. ಆದರೆ ನಮ್ಮ ಹೊಣೆ ಅಷ್ಟಕ್ಕೇ ಮುಗಿಯುವುದಿಲ್ಲ. 1950ರ ಭಾರತ–ನೇಪಾಳ ಶಾಂತಿ ಮತ್ತು ಸ್ನೇಹ ಒಪ್ಪಂದದ ಬಲದಿಂದ ಗಡಿ ದಾಟಿ ಬರುವ ನೇಪಾಳಿಗಳಿಗೆ ಭಾರತದಲ್ಲಿ ದುಡಿಯಲು ಅವರ ಸರ್ಕಾರದ ಕಾರ್ಮಿಕ ಪರವಾನಗಿ ಬೇಕಿಲ್ಲ. ಈ ಸಲೀಸಿನ ಮತ್ತೊಂದು ಮುಖವೆಂದರೆ, ಪರವಾನಗಿ ಪಡೆದು ಕೊಲ್ಲಿಗೆ ಹೋದವನು ಸತ್ತರೆ ಅವನ ಮನೆಯವರಿಗೆ ನೇಪಾಳ ಸರ್ಕಾರದ ಕಲ್ಯಾಣ ನಿಧಿಯಿಂದ ಸಿಗುವ ಪರಿಹಾರ, ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟಿನಲ್ಲಿ ರಾತ್ರಿಯಿಡೀ ಕಾವಲು ಕಾಯುವವನ ಮನೆಗೆ ಸಿಗುವುದಿಲ್ಲ. ನೇಪಾಳದ ದೂರದ ಪಶ್ಚಿಮದ ಅಛಾಮ್, ಕೈಲಾಲಿಯಂಥ ಬಡ ಜಿಲ್ಲೆಗಳವರು ಹೆಚ್ಚಾಗಿ ಬರುವುದು ಭಾರತಕ್ಕೇ.

ಆದ್ದರಿಂದ ಕೇಂದ್ರ ಸರ್ಕಾರವು ನೇಪಾಳಕ್ಕೆ ಕೊಡುವ ನೆರವಿನಲ್ಲಿ ಒಂದು ಪಾಲನ್ನು ಇಲ್ಲಿ ದುಡಿಯುವವರ ಐಚ್ಛಿಕ ನೋಂದಣಿಗೂ ಅಪಘಾತ ವಿಮೆಗೂ ಮೀಸಲಿಡಬೇಕು. ನಮ್ಮ ರಾಜ್ಯದ ಕಾರ್ಮಿಕ ಇಲಾಖೆಯು ಸೆಕ್ಯೂರಿಟಿ ಏಜೆನ್ಸಿಗಳು ಮತ್ತು ಹೋಟೆಲುಗಳು ನೇಪಾಳಿ ನೌಕರರಿಗೂ ಇಎಸ್‌ಐ (ನೌಕರರ ರಾಜ್ಯ ವಿಮೆ) ಮಾಡಿಸಿವೆಯೇ ಎಂದು ತಪಾಸಣೆ ನಡೆಸಬೇಕು ಎಂದು ವಿನಂತಿಸುತ್ತೇನೆ.

ಇಂತಿ,
ಓರ್ವ ಓದುಗ, ಬೆಂಗಳೂರು